ಅರ್ಧ ಎಂದರೆ ಎಷ್ಟು?

(ಪಾಲಕರ ಹಾಗೂ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಚಿಕ್ಕ ಮಕ್ಕಳಿಗೆ ಅರ್ಧ, ಕಾಲು, ಮುಕ್ಕಾಲು ಕಲಿಸುವುದು ಹೇಗೆ ಎಂಬುದು ನನಗೆ ಕೊಟ್ಟ ವಿಷಯ. ಇದರಲ್ಲಿ ಹೇಳುವುದೇನಿದೆ ಎಂದು ನಿಮಗೆ ಅನಿಸಬಹುದು. ಆದರೆ "ನನಗೆ ಲೆಕ್ಕ ಬರುವುದಿಲ್ಲ" ಎಂಬ ಮಾತನ್ನು ನಾನು ಮಕ್ಕಳ ಬಾಯಿಂದ ಹೆಚ್ಚಾಗಿ ಕೇಳಿದ್ದು ಭಿನ್ನರಾಶಿಯ ಪಾಠದಲ್ಲಿಯೇ. ಆದ್ದರಿಂದ ಮೊದಲು ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ನಾಲ್ಕನೇ ತರಗತಿಯಲ್ಲಿ 1/2 ಮತ್ತು 1/4 ಇವುಗಳಲ್ಲಿ ದೊಡ್ಡದು ಯಾವುದು ಎಂದು ಕೇಳಿದ್ದೆ. ಒಬ್ಬ ಹುಡುಗಿ 1/4 ಎಂದು ಬರೆದಳು. ನಾನು ಕೆಂಪು ಶಾಯಿಯಿಂದ ತಪ್ಪು ಹಾಕಿದೆ, ಏಕೆ ಹಾಗೆ ಬರೆದೆ ಎಂದು ಕೇಳಲಿಲ್ಲ. ಕ್ರಮೇಣ ಅವಳು ಕೈ ಎತ್ತುವುದನ್ನೇ ಬಿಟ್ಟಳು. ಪರೀಕ್ಷೆಯ ನಂತರ ಅವಳ ತಾಯಿ ಶಾಲೆಗೆ ಬಂದರು. ಲೆಕ್ಕದಲ್ಲಿ ನಿಮ್ಮ ಮಗಳು ಹಿಂದೆ ಇದ್ದಾಳೆ ಎಂದೆ. ಆ ತಾಯಿ ಸಂಕೋಚದಿಂದಲೇ ಹೇಳಿದರು: "ಟೀಚರ್, ಘರ್ ಮೇ ರೋಟಿ ಬಾಂಟ್ನಾ ಇಸೀಚ್ ಕಾ ಕಾಮ್." ಮನೆಯಲ್ಲಿ ನಾಲ್ಕು ಮಕ್ಕಳಿಗೆ ರೊಟ್ಟಿ ಹಂಚುವವಳು ಅವಳೇ, ಯಾರೂ ಜಗಳ ಆಡುವುದಿಲ್ಲ ಎಂದರು.

ಯೋಚಿಸಿ ನೋಡಿ. ದಿನವೂ ಒಂದು ರೊಟ್ಟಿಯನ್ನು ಸರಿಯಾಗಿ ನಾಲ್ಕು ಮಾಡುವ ಮಗುವಿಗೆ ಕಾಲಿಗಿಂತ ಅರ್ಧ ದೊಡ್ಡದು ಎಂದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವಳಿಗೆ ಗೊತ್ತಿಲ್ಲದೆ ಇದ್ದದ್ದು ನಾನು ಬರೆದ ಗುರುತು. ಎರಡಕ್ಕಿಂತ ನಾಲ್ಕು ದೊಡ್ಡದು ಎಂದು ನಾವೇ ಕಲಿಸಿದ್ದೆವು, ಅವಳು ಅದನ್ನೇ ನಂಬಿದಳು. ಮನೆಯ ರೊಟ್ಟಿಗೂ ಹಲಗೆಯ ಮೇಲಿನ ಅಂಕಿಗೂ ನಡುವೆ ಸೇತುವೆ ಕಟ್ಟುವುದು ನನ್ನ ಕೆಲಸವಾಗಿತ್ತು. ನಾನು ಕಟ್ಟಿರಲಿಲ್ಲ.

ಅಂದಿನಿಂದ ನನ್ನ ಪಾಠದ ಕ್ರಮ ಬದಲಾಯಿತು. ಈಗ ಮೊದಲ ದಿನ ಅಂಕಿಯನ್ನೇ ಬರೆಯುವುದಿಲ್ಲ. ಒಂದು ಕಾಗದವನ್ನು ಬೇಕೆಂದೇ ಹೆಚ್ಚುಕಡಿಮೆಯಾಗಿ ಹರಿದು, "ಇಬ್ಬರಿಗೂ ಅರ್ಧರ್ಧ" ಎಂದು ಕೊಡುತ್ತೇನೆ. ಚಿಕ್ಕ ತುಂಡು ಸಿಕ್ಕ ಮಗು ಕೂಡಲೇ "ಇದು ಮೋಸ" ಎನ್ನುತ್ತದೆ. ಪಾಠ ಅಲ್ಲಿಯೇ ಆರಂಭ. ಎರಡು ತುಂಡು ಆದರೆ ಸಾಲದು, ಎರಡೂ ಸಮ ಇರಬೇಕು. "ದೊಡ್ಡ ಅರ್ಧ ನನಗೆ" ಎಂದು ನಾವು ಆಡುವ ಮಾತಿನಲ್ಲಿಯೇ ತಪ್ಪಿದೆ ಎಂದು ಮಕ್ಕಳು ನಗುತ್ತಾ ಹೇಳುತ್ತಾರೆ.

ಆಮೇಲೆ ಒಂದೇ ಅಳತೆಯ ಎರಡು ಕಾಗದ. ಒಂದನ್ನು ನಡುವೆ ಮಡಚಿ ಕತ್ತರಿಸುವುದು, ಇನ್ನೊಂದನ್ನು ಮೂಲೆಯಿಂದ ಮೂಲೆಗೆ. ಒಂದರ ಅರ್ಧ ಆಯತ, ಇನ್ನೊಂದರ ಅರ್ಧ ತ್ರಿಕೋನ. ಎರಡೂ ಸಮವೇ? ಬಹಳ ಮಕ್ಕಳು ಒಪ್ಪುವುದಿಲ್ಲ. ಆಯತದ ಮೇಲೆ ತ್ರಿಕೋನವನ್ನು ಇಟ್ಟು, ಹೊರಗೆ ಉಳಿದದ್ದನ್ನು ಕತ್ತರಿಸಿ ಖಾಲಿ ಜಾಗದಲ್ಲಿ ಕೂರಿಸಿದಾಗ ಒಪ್ಪುತ್ತಾರೆ. ನಂತರ 12 ಹುಣಸೆ ಬೀಜಗಳ ಅರ್ಧ, ಕಾಲು. ಕೊನೆಗೆ ಒಂದು ಪ್ರಶ್ನೆ: ದೊಡ್ಡ ರೊಟ್ಟಿಯ ಕಾಲು ಭಾಗ, ಪುಟ್ಟ ಬಿಸ್ಕತ್ತಿನ ಅರ್ಧ, ಇವುಗಳಲ್ಲಿ ಯಾವುದು ಹೆಚ್ಚು? ಇಡೀ ವಸ್ತು ಯಾವುದು ಎಂದು ಕೇಳದೆ ಅರ್ಧದ ಮಾತು ಆಡಬಾರದು ಎಂದು ಆಗ ತಿಳಿಯುತ್ತದೆ.

ಎರಡು ಭಾಷೆ ಬಲ್ಲ ನಮ್ಮ ಮಕ್ಕಳಿಗೆ ಇಲ್ಲಿ ಒಂದು ದೊಡ್ಡ ಅನುಕೂಲವಿದೆ. ಕನ್ನಡದ ಮುಕ್ಕಾಲು ಎಂದರೆ ಮೂರು ಕಾಲು. 3/4 ಎಂಬುದು ಪದದಲ್ಲಿಯೇ ಅಡಗಿದೆ. ಉರ್ದುವಿನಲ್ಲಿ ಪೌನೆ ದೋ ಎಂದರೆ ಎರಡಕ್ಕೆ ಕಾಲು ಕಡಿಮೆ. ಕನ್ನಡ ಕೂಡಿಸಿ ಹೇಳುತ್ತದೆ, ಉರ್ದು ಕಳೆದು ಹೇಳುತ್ತದೆ. ಎರಡೂ ಲೆಕ್ಕವೇ. ಸವಾ, ಡೇಢ್, ಢಾಯಿ ಎಂದು ಮನೆಯಲ್ಲಿ ಕೇಳಿದ ಮಗುವಿಗೆ ಒಂದೂಕಾಲು, ಒಂದೂವರೆ, ಎರಡೂವರೆ ಹೊಸದಲ್ಲ. ಆದರೆ ಶಾಲೆಯ ಪುಸ್ತಕ ತೆರೆದರೆ ಉರ್ದುವಿನಲ್ಲಿ ಕಸ್ರ್, ಶುಮಾರ್ ಕುನಿಂದಾ, ನಸಬ್ ನುಮಾ. ಕನ್ನಡದಲ್ಲಿ ಭಿನ್ನರಾಶಿ, ಅಂಶ, ಛೇದ. ಈ ಪದಗಳು ಬೇಕು, ಆದರೆ ಕೊನೆಗೆ ಬರಲಿ. ಛೇದ ಎಂದರೆ ಎಷ್ಟು ಸಮಪಾಲು ಮಾಡಿದೆವು, ಅಂಶ ಎಂದರೆ ಎಷ್ಟು ಪಾಲು ತೆಗೆದುಕೊಂಡೆವು. ಹಂಚಿದ ಕೈಗೆ ಇದು ಸುಲಭ.

ಗುರುತಿಗೆ ಅವಸರ ಏಕೆ ಬೇಡ ಎನ್ನುತ್ತೇನೆ? ಭಾರತದ ಗಣಿತಜ್ಞರು ಮೇಲೊಂದು ಕೆಳಗೊಂದು ಸಂಖ್ಯೆ ಬರೆಯುತ್ತಿದ್ದರು, ನಡುವೆ ಗೆರೆ ಇರಲಿಲ್ಲ. ಆ ಗೆರೆ ನಮಗೆ ಕಾಣುವುದು 12ನೇ ಶತಮಾನದಲ್ಲಿ, ಮಗ್ರಿಬ್ ಪ್ರದೇಶದ ಗಣಿತಜ್ಞ ಅಲ್-ಹಸ್ಸಾರ್ ಅವರ ಬರಹದಲ್ಲಿ. ದೊಡ್ಡ ದೊಡ್ಡ ವಿದ್ವಾಂಸರಿಗೆ ಶತಮಾನಗಳು ಹಿಡಿದದ್ದನ್ನು ನಾವು ಒಂಬತ್ತು ವರ್ಷದ ಮಗುವಿಗೆ ಒಂದು ಪೀರಿಯಡ್ಡಿನಲ್ಲಿ ಮುಗಿಸುತ್ತೇವೆ!

ತಾಯಿ ತಂದೆಯರಲ್ಲಿ ಒಂದು ವಿನಂತಿ. ಹಿಂದೆ ಅಜ್ಜಿಯರು ಸೇರು, ಅಚ್ಚೇರು, ಪಾವಿನಲ್ಲಿ ಅಕ್ಕಿ ಅಳೆಯುವಾಗ ಮಕ್ಕಳು ಪಕ್ಕದಲ್ಲಿಯೇ ಕುಳಿತಿರುತ್ತಿದ್ದರು. ನಾಲ್ಕು ಪಾವು ಒಂದು ಸೇರು ಎಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಲ್ಕಾಣೆ ಎಂದು ನಾವು ಕರೆಯುತ್ತಿದ್ದ 25 ಪೈಸೆಯ ನಾಣ್ಯವೂ 2011ರ ಜೂನ್ ಕೊನೆಗೆ ನಿಂತುಹೋಯಿತು. ಈಗ ಸಾಮಾನು ಪ್ಯಾಕೆಟ್ಟಿನಲ್ಲಿ ಬರುತ್ತದೆ, ಕಾಲು ಕಿಲೋ ಎನ್ನುವ ಬದಲು 250 ಗ್ರಾಂ ಎಂದು ಅದರ ಮೇಲೆ ಅಚ್ಚಾಗಿರುತ್ತದೆ. ಆದ್ದರಿಂದ ಹಂಚುವ ಕೆಲಸವನ್ನು ಮಕ್ಕಳ ಕೈಗೆ ಕೊಡಿ. ಒಬ್ಬರು ಕತ್ತರಿಸಲಿ, ಇನ್ನೊಬ್ಬರು ಮೊದಲು ಆರಿಸಿಕೊಳ್ಳಲಿ. ಕತ್ತರಿಸುವ ಕೈ ತಾನಾಗಿ ಸಮ ಮಾಡುತ್ತದೆ. ಗಂಡುಮಗುವಿಗೆ ದೊಡ್ಡ ಪಾಲು ಕೊಟ್ಟು ಅದನ್ನು ಅರ್ಧ ಎಂದು ಕರೆಯಬೇಡಿ. ಶಾಲೆಯಲ್ಲಿ ನಾವು ಕಲಿಸಿದ್ದನ್ನು ಆ ಒಂದು ತಟ್ಟೆ ಅಳಿಸಿಬಿಡುತ್ತದೆ.

ಶಿಕ್ಷಕ ಮಿತ್ರರಲ್ಲಿಯೂ ಒಂದು ಮಾತು. ತಪ್ಪು ಉತ್ತರ ಕಂಡಾಗ ಕೆಂಪು ಪೆನ್ನು ಎತ್ತುವ ಮೊದಲು "ಏಕಮ್ಮಾ ಹೀಗೆ ಬರೆದೆ?" ಎಂದು ಕೇಳಿ. ಆ ದಿನ ನಾನು ಕೇಳಿದ್ದರೆ ಆ ಹುಡುಗಿ ರೊಟ್ಟಿಯ ಮಾತು ಹೇಳುತ್ತಿದ್ದಳು, ನಾನು ಒಂದು ವರ್ಷ ಮೊದಲೇ ಕಲಿಯುತ್ತಿದ್ದೆ. ಮುಂದಿನ ವರ್ಷ ಅವಳು ಬೇರೆ ಶಾಲೆಗೆ ಹೋದಳು. ಅವಳಿಗೆ ಹೇಳಬೇಕಾಗಿದ್ದ ಪಾಠವನ್ನು ಈಗ ಪ್ರತಿವರ್ಷ ಬೇರೆ ಮಕ್ಕಳಿಗೆ ಹೇಳುತ್ತಿದ್ದೇನೆ.