ಎರೆಮಣ್ಣಿನ ಪಿಚ್ ಯಾಕೆ ನಿಧಾನ?

ಪಂದ್ಯ ಶುರುವಾಗಲು ಇನ್ನೂ ಅರ್ಧ ಗಂಟೆ ಇರುತ್ತದೆ. ಟಿ.ವಿ.ಯಲ್ಲಿ ಹಳೆಯ ಆಟಗಾರರೊಬ್ಬರು ಪಿಚ್ ಮೇಲೆ ಕುಕ್ಕರುಗಾಲಲ್ಲಿ ಕೂತು ಬೆರಳ ಗೆಣ್ಣಿನಿಂದ ನೆಲ ಕುಟ್ಟಿ ನೋಡುತ್ತಾರೆ. ಒಮ್ಮೊಮ್ಮೆ ಜೇಬಿನಿಂದ ಬೀಗದಕೈ ತೆಗೆದು ಮಣ್ಣಿಗೆ ಚುಚ್ಚುವುದೂ ಉಂಟು. ಆಮೇಲೆ ಎದ್ದು ನಿಂತು, “ಇದು ಕೆಂಪು ಮಣ್ಣು, ಚೆಂಡು ಚೆನ್ನಾಗಿ ಏಳುತ್ತದೆ” ಎನ್ನುತ್ತಾರೆ. ಇಲ್ಲವೇ “ಕಪ್ಪು ಮಣ್ಣು, ನಿಧಾನ” ಎನ್ನುತ್ತಾರೆ. ಅಷ್ಟು ಹೊತ್ತಿಗೆ ನೀವು ನೀರು ಕುಡಿಯಲೆಂದು ಎದ್ದು ಹೋಗಿರುತ್ತೀರಿ. ಹೊಸ ಸೀಸನ್‌ನಲ್ಲಿ ಹಾಗೆ ಎದ್ದು ಹೋಗಬೇಡಿ. ಬೀದರ್ ಜಿಲ್ಲೆಯ ಡಾಬಕಾದ ಮಕ್ಕಳಂತೂ ಹೋಗಲೇಬಾರದು. ಅಲ್ಲಿ ಮಾತು ನಡೆದಿರುವುದು ನಿಮ್ಮ ಕಾಲ ಕೆಳಗಿನ ಮಣ್ಣಿನ ಬಗ್ಗೆ.

ಮಾರ್ಚ್ ಕೊನೆಗೆ ಐಪಿಎಲ್ ಶುರುವಾಗುವ ಹೊತ್ತಿಗೆ ಔರಾದ, ಭಾಲ್ಕಿ ಕಡೆಯ ಎರೆಹೊಲಗಳು ಖಾಲಿಯಾಗಿರುತ್ತವೆ. ತೊಗರಿ ಮನೆ ಸೇರಿ ಬಹಳ ದಿನ ಆಗಿರುತ್ತದೆ, ಕಡಲೆ ಕಿತ್ತಾಗಿರುತ್ತದೆ, ಜೋಳದ ಕೂಳೆ ಮಾತ್ರ ನಿಂತಿರುತ್ತದೆ. ಕೂಳೆ ಇಲ್ಲದ ಒಂದು ಮೂಲೆ ಹುಡುಕಿ ಮೂರು ಕೋಲು ನೆಟ್ಟರೆ ಮೈದಾನ ತಯಾರು. ಡಾಬಕಾದಿಂದ ಬೆಂಗಳೂರಿಗಿಂತ ಹೈದರಾಬಾದ್ ಎಷ್ಟೋ ಹತ್ತಿರ. ಹಾಗಾಗಿ ಒಂದೇ ಮನೆಯಲ್ಲಿ ಅಣ್ಣ ಆರ್‌ಸಿಬಿ, ತಮ್ಮ ಸನ್‌ರೈಸರ್ಸ್ ಆಗಿದ್ದರೂ ಆಶ್ಚರ್ಯವಿಲ್ಲ. ಆದರೆ ಇಬ್ಬರ ತಕರಾರೂ ಒಂದೇ: ಸಿಸಿ ರಸ್ತೆಯ ಮೇಲೆ ಎದೆಮಟ್ಟ ಏಳುವ ಟೆನಿಸ್ ಚೆಂಡು ಹೊಲದಲ್ಲಿ ಮೊಣಕಾಲಿಗೂ ಬರುವುದಿಲ್ಲ. ಬಿರುಕಿನ ಅಂಚಿಗೆ ಬಿದ್ದರೆ ಎತ್ತ ಹೋಗುತ್ತದೋ ಹೇಳುವಂತಿಲ್ಲ. ಸಣ್ಣ ರಬ್ಬರ್ ಚೆಂಡಾದರೆ ಬಿರುಕಿನೊಳಗೇ ಇಳಿದುಬಿಡುತ್ತದೆ. ಅದನ್ನು ಕೋಲಿನಿಂದ ಕೆದಕಿ ತೆಗೆಯುವಷ್ಟರಲ್ಲಿ ಬ್ಯಾಟಿನವ ನಾಲ್ಕು ರನ್ ಓಡಿರುತ್ತಾನೆ.

ದೊಡ್ಡವರ ಆಟದಲ್ಲೂ ಮಣ್ಣಿನ ಲೆಕ್ಕ ಇದ್ದೇ ಇದೆ. 2025ರ ಜೂನ್ 3ರಂದು ಆರ್‌ಸಿಬಿ 18ನೇ ಸೀಸನ್‌ನಲ್ಲಿ ಮೊದಲ ಸಲ ಕಪ್ ಎತ್ತಿದ್ದು ಅಹಮದಾಬಾದಿನಲ್ಲಿ, ಪಂಜಾಬ್ ಕಿಂಗ್ಸ್ ವಿರುದ್ಧ 6 ರನ್ನುಗಳಿಂದ. (2009ರ ಫೈನಲ್ಲಿನಲ್ಲಿ ಇದೇ ಆರ್‌ಸಿಬಿ ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್‌ಗೆ ಸೋತದ್ದೂ 6 ರನ್ನುಗಳಿಂದಲೇ. ಇದರಲ್ಲಿ ವಿಜ್ಞಾನ ಏನೂ ಇಲ್ಲ, ನೆನಪಿಗೆ ಬಂತು, ಹೇಳಿದೆ.) ಅಹಮದಾಬಾದಿನ ಆ ಮೈದಾನದ ನಡುವೆ ಒಂದರ ಪಕ್ಕ ಒಂದರಂತೆ 11 ಪಿಚ್‌ಗಳಿವೆ. ಕೆಲವು ಕೆಂಪು ಮಣ್ಣಿನವು, ಕೆಲವು ಕಪ್ಪು ಮಣ್ಣಿನವು. 2023ರ ನವೆಂಬರ್ 19ರ ವಿಶ್ವಕಪ್ ಫೈನಲ್ ನಡೆದದ್ದು ಕಪ್ಪು ಮಣ್ಣಿನ ನಿಧಾನದ ಪಿಚ್ ಮೇಲೆ. ಮೊದಲು ಬ್ಯಾಟ್ ಮಾಡಿದ ಭಾರತ 240ಕ್ಕೆ ನಿಂತುಹೋಯಿತು. ಮುಂದೆ ಏನಾಯಿತು ಅಂತ ನಾನು ಹೇಳುವುದು ಬೇಡ, ನಿಮಗೆ ಗೊತ್ತು.

ಬೌಲರ್ ಕೈಯಿಂದ ಗಂಟೆಗೆ 140 ಕಿ.ಮೀ. ವೇಗದಲ್ಲಿ ಹೊರಟ ಚೆಂಡು ಬ್ಯಾಟಿನ ಬಳಿ ಬರಲು ಸುಮಾರು ಅರ್ಧ ಸೆಕೆಂಡು ಸಾಕು. ಆ ಅರ್ಧ ಸೆಕೆಂಡಿನ ನಡುವೆ ಅದು ಒಂದು ಸಲ ನೆಲ ಮುಟ್ಟುತ್ತದೆ. ಮುಟ್ಟಿದ ಗಳಿಗೆಯಲ್ಲಿ ಚೆಂಡು ಚೂರು ಚಪ್ಪಟೆಯಾಗುತ್ತದೆ, ನೆಲವೂ ಚೂರು ತಗ್ಗುತ್ತದೆ. ಚಪ್ಪಟೆಯಾದ ಚೆಂಡು ಮತ್ತೆ ತನ್ನ ಆಕಾರಕ್ಕೆ ಬರುವಾಗ ನೆಲವನ್ನು ಒತ್ತುತ್ತದೆ, ಅದರಿಂದ ಮೇಲಕ್ಕೆ ಹಾರುತ್ತದೆ. ತಗ್ಗಿದ ನೆಲ ಹಾಗೆ ಮಾಡುವುದಿಲ್ಲ. ಮೆತ್ತಗಿನ ಮಣ್ಣು ಒಮ್ಮೆ ತಗ್ಗಿತೆಂದರೆ ತಗ್ಗಿಯೇ ಇರುತ್ತದೆ. ಚೆಂಡಿನ ಶಕ್ತಿಯಲ್ಲಿ ಒಂದು ಪಾಲು ಆ ಕುಳಿ ತೋಡುವುದಕ್ಕೇ ಖರ್ಚಾಗಿಹೋಗಿರುತ್ತದೆ. ನೆಲ ಗಟ್ಟಿ ಇದ್ದಷ್ಟೂ ಕುಳಿ ಚಿಕ್ಕದು, ಖರ್ಚು ಕಡಿಮೆ, ಚೆಂಡು ಎತ್ತರ.

ಇದನ್ನು ನೀವೇ ಅಳೆದು ನೋಡಬಹುದು. ಸಂಜೆ ಬಿಸಿಲು ಇಳಿದ ಮೇಲೆ ಟೆನಿಸ್ ಚೆಂಡು, ಅಳತೆ ಟೇಪು, ಸುಣ್ಣದಕಡ್ಡಿ ತೆಗೆದುಕೊಳ್ಳಿ. ಗೋಡೆಯ ಮೇಲೆ ನೆಲದಿಂದ 2 ಮೀಟರ್ ಎತ್ತರಕ್ಕೆ ಗೆರೆ ಹಾಕಿ. ಎತ್ತರದ ಅಕ್ಕ ಯಾರಾದರೂ ಅಲ್ಲಿಂದ ಚೆಂಡನ್ನು ಬಿಡಲಿ. ಎಸೆಯಬಾರದು, ಬರೀ ಕೈ ಬಿಡಬೇಕು. ಇನ್ನೊಬ್ಬರು ಚೆಂಡು ಏಳುವ ಮಟ್ಟಕ್ಕೆ ಕಣ್ಣು ತಂದು ಕೂತು ಗುರುತು ಹಾಕಬೇಕು. ನಿಂತುಕೊಂಡು ಮೇಲಿನಿಂದ ನೋಡಿದರೆ ಗುರುತು ತಪ್ಪುತ್ತದೆ. ಒಂದೊಂದು ಜಾಗದಲ್ಲೂ ಐದೈದು ಸಲ ಬಿಟ್ಟು ಸರಾಸರಿ ತೆಗೆಯಿರಿ. ಟೆನಿಸ್ ಆಟದ ನಿಯಮದ ಪ್ರಕಾರ ಒಳ್ಳೆಯ ಹೊಸ ಚೆಂಡನ್ನು 254 ಸೆಂ.ಮೀ. ಎತ್ತರದಿಂದ ಕಾಂಕ್ರೀಟ್ ಮೇಲೆ ಬಿಟ್ಟರೆ ಅದು 135ರಿಂದ 147 ಸೆಂ.ಮೀ. ಏಳಬೇಕು. ಅಂದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ನಿಮ್ಮ ಮನೆ ಮುಂದಿನ ಸಿಸಿ ರಸ್ತೆಯಲ್ಲೂ ಹತ್ತಿರ ಹತ್ತಿರ ಅಷ್ಟೇ ಬರುತ್ತದೆ, ಚೆಂಡು ಸವೆದಿದ್ದರೆ ಕಡಿಮೆ. ಈಗ ಮುರುಂ ಹಾಕಿದ ಅಂಗಳದಲ್ಲಿ, ಒಣ ಎರೆಹೊಲದಲ್ಲಿ, ಒಂದು ಕೊಡ ನೀರು ಸುರಿದ ಎರೆಹೊಲದಲ್ಲಿ ನೋಡಿ. (ಹೊಲದಲ್ಲಿ ಗೋಡೆ ಇರುವುದಿಲ್ಲ, ಉದ್ದದ ಬಿದಿರುಕೋಲಿಗೆ ಗುರುತು ಹಾಕಿಕೊಳ್ಳಿ.) ಕೊನೆಯ ಜಾಗದಲ್ಲಿ ಚೆಂಡು ದಪ್ ಎಂದು ಬಿದ್ದು ಅಲ್ಲೇ ಕೂತುಬಿಡುತ್ತದೆ.

ಎರೆಮಣ್ಣಿಗೂ ನೀರಿಗೂ ಇಷ್ಟು ಗಾಢ ಸ್ನೇಹ ಏಕೆ? ಅದರ ಕಣಗಳನ್ನು ನೋಡಬೇಕು. ಜೇಡಿಯ ಕಣ ಎಂದರೆ ಒಂದು ಮಿಲಿಮೀಟರಿನ ಸಾವಿರ ಭಾಗದಲ್ಲಿ ಎರಡು ಭಾಗಕ್ಕಿಂತ ಸಣ್ಣದು. ಬರಿಗಣ್ಣಿಗೆ ಕಾಣುವ ಮಾತೇ ಇಲ್ಲ. ಆ ಸಣ್ಣ ಕಣವೂ ಒಂದೇ ತುಂಡಲ್ಲ, ಅದರೊಳಗೆ ಪದರದ ಮೇಲೆ ಪದರ. ಎರೆಮಣ್ಣಿನಲ್ಲಿ ಹೆಚ್ಚಾಗಿರುವ ಮಾಂಟ್ಮೊರಿಲೊನೈಟ್ ಎಂಬ ಜೇಡಿಯ ಪದರಗಳು ಒಂದನ್ನೊಂದು ಸಡಿಲವಾಗಿ ಹಿಡಿದಿರುತ್ತವೆ. ಮಳೆಯಲ್ಲಿ ನೆನೆದ ನೋಟುಬುಕ್ಕು ಉಬ್ಬುವ ಹಾಗೆ, ಪದರಗಳ ನಡುವೆ ನೀರು ನುಗ್ಗಿ ಮಣ್ಣು ಉಬ್ಬುತ್ತದೆ. ಬೇಸಿಗೆಯಲ್ಲಿ ನೀರು ಹೊರಟುಹೋದಾಗ ಕುಗ್ಗುತ್ತದೆ. ಹೊಲದ ತುಂಬ ಇರುವ ಮಣ್ಣು ಕುಗ್ಗಿದರೆ ಜಾಗ ಖಾಲಿ ಆಗಲೇಬೇಕಲ್ಲ? ಆ ಖಾಲಿ ಜಾಗವೇ ಬಿರುಕು. ಅರ್ಧ ಮೀಟರ್ ಆಳದಲ್ಲೂ ಬೆರಳು ತೂರುವಷ್ಟು ಅಗಲದ ಬಿರುಕು ಎರೆಹೊಲದಲ್ಲಿ ಸಾಮಾನ್ಯ. ಮೇಲಿನ ಪುಡಿಮಣ್ಣು, ಕಸಕಡ್ಡಿ ಅದರೊಳಗೆ ಉದುರಿ ಆಳಕ್ಕೆ ಹೋಗುತ್ತವೆ, ಮಳೆ ಬಂದಾಗ ಬಾಯಿ ಮುಚ್ಚುತ್ತದೆ. ಹೀಗೆ ವರ್ಷ ವರ್ಷವೂ ಎರೆಹೊಲ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ.

ಕೆಂಪು ಮಣ್ಣಿನಲ್ಲಿ ಹೆಚ್ಚಾಗಿರುವುದು ಕೇಯೊಲಿನೈಟ್ ಎಂಬ ಇನ್ನೊಂದು ಜೇಡಿ. ಅದರ ಪದರಗಳ ಹಿಡಿತ ಬಿಗಿ, ನೀರು ಒಳಗೆ ನುಗ್ಗಲಾರದು, ಹೊರಗಿನಿಂದ ಒದ್ದೆ ಮಾಡುತ್ತದೆ ಅಷ್ಟೆ. ಆದ್ದರಿಂದ ಕೆಂಪು ಮಣ್ಣು ಬೇಗ ಒಣಗುತ್ತದೆ.

ನಿಮ್ಮ ಜಿಲ್ಲೆಯ ದೊಡ್ಡ ಸ್ವಾರಸ್ಯ ಇಲ್ಲಿದೆ. ಡಾಬಕಾದ ಕಪ್ಪು ಮಣ್ಣು, ಬೀದರ್ ನಗರದ ಕೆಂಪು ನೆಲ, ಎರಡೂ ಹುಟ್ಟಿದ್ದು ಒಂದೇ ಕಲ್ಲಿನಿಂದ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ನೆಲ ಸೀಳಿ ಲಾವಾ ಹರಿಯಿತು. ಹರಿದು ಆರಿದ್ದು ಬಸಾಲ್ಟ್ ಎಂಬ ಕರಿಕಲ್ಲಾಯಿತು. ಆ ಕಲ್ಲು ನಿಧಾನ ಸವೆದು, ಸವೆದದ್ದು ತಗ್ಗಿನಲ್ಲಿ ನಿಂತಲ್ಲಿ ಎರೆಮಣ್ಣಾಯಿತು. ಎತ್ತರದ ದಿಬ್ಬದ ಮೇಲೆ ಲಕ್ಷಾಂತರ ವರ್ಷ ಮಳೆ ಬಿದ್ದು ಕಲ್ಲಿನೊಳಗಿನ ಸಿಲಿಕಾ ತೊಳೆದುಹೋದಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದು ಕೆಂಪು ಜಂಬಿಟ್ಟಿಗೆ ಆಯಿತು. ಕಬ್ಬಿಣಕ್ಕೆ ತುಕ್ಕು ಹಿಡಿದ ಬಣ್ಣವೇ ಆ ಕೆಂಪು. ಬೀದರ್ ಕೋಟೆ ಕಟ್ಟಿದ್ದು ಇದೇ ಕಲ್ಲಿನಿಂದ. ನೌಬಾದಿನ ಸುರಂಗ ಬಾವಿ ನೋಡಲು ಹೋದರೆ ಇನ್ನೊಂದು ಗಮನಿಸಿ: ತೂತು ತೂತಾದ ಕೆಂಪು ಕಲ್ಲು ಮಳೆನೀರನ್ನು ಕೆಳಕ್ಕೆ ಬಿಡುತ್ತದೆ, ಅದರ ಅಡಿಯ ಕರಿಕಲ್ಲು ತಡೆಯುತ್ತದೆ. ಇವೆರಡೂ ಕೂಡುವಲ್ಲಿ ನೀರು ಸಿಗುತ್ತದೆ ಎಂದು ತಿಳಿದೇ 15ನೇ ಶತಮಾನದ ಬಹಮನಿ ಕಾಲದವರು ಸುರಂಗ ತೋಡಿದರು. ಅವರಿಗೆ ಕ್ರಿಕೆಟ್ ಗೊತ್ತಿರಲಿಲ್ಲ, ಯಾವ ನೆಲದಲ್ಲಿ ನೀರು ನಿಲ್ಲುತ್ತದೆ ಎನ್ನುವುದು ಚೆನ್ನಾಗಿ ಗೊತ್ತಿತ್ತು.

ಹಾಗಾದರೆ ಟಿ.ವಿ.ಯವರು ಹೇಳುವಂತೆ ಕಪ್ಪು ಎಂದರೆ ನಿಧಾನ, ಕೆಂಪು ಎಂದರೆ ಪುಟಿತ, ಮುಗಿಯಿತೇ? ನಾನು ಇದಕ್ಕೆ ಅರ್ಧ ಮಾರ್ಕು ಮಾತ್ರ ಕೊಡುತ್ತೇನೆ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದ ಪಿಚ್‌ಗಳಿಗೆ ಹಿಂದಿನಿಂದಲೂ ಹೆಸರಾದದ್ದು ಮೆರಿ ಕ್ರೀಕ್ ಎಂಬ ಹೊಳೆಯ ದಂಡೆಯ ಕಪ್ಪು ಮಣ್ಣು. ಅದೂ ಬಸಾಲ್ಟಿನಿಂದಲೇ ಬಂದದ್ದು, ನಿಮ್ಮ ಎರೆಮಣ್ಣಿಗೆ ದೂರದ ನೆಂಟ. ಬ್ರಿಸ್ಬೇನಿನ ಗಾಬಾ ಮೈದಾನದಲ್ಲೂ ಪಿಚ್ ಕಪ್ಪು ಜೇಡಿಯದೇ, ಅಲ್ಲಿ ಚೆಂಡು ಮುಖದ ಮಟ್ಟಕ್ಕೆ ಏಳುತ್ತದೆ. ಬಣ್ಣ ನೋಡಿ ತೀರ್ಪು ಕೊಟ್ಟರೆ ಇಲ್ಲಿ ಮುಗ್ಗರಿಸುತ್ತೇವೆ. ಕೇಳಬೇಕಾದ ಪ್ರಶ್ನೆ ಬೇರೆ: ಆ ಜೇಡಿಯೊಳಗೆ ಈಗ ಎಷ್ಟು ನೀರಿದೆ, ಅದನ್ನು ಎಷ್ಟು ಗಟ್ಟಿಯಾಗಿ ಒತ್ತಿದ್ದಾರೆ?

ಪಿಚ್ ನೋಡಿಕೊಳ್ಳುವ ಕ್ಯುರೇಟರ್ ದಿನವೆಲ್ಲ ಮಾಡುವುದು ಇದೇ ಲೆಕ್ಕ. ನೀರು ಬಿಡುತ್ತಾರೆ, ಹದ ಬರುವವರೆಗೆ ಕಾಯುತ್ತಾರೆ, ಆಮೇಲೆ ರೋಲರ್ ಎಳೆಸುತ್ತಾರೆ. ಒಣಗಿದ ಮಣ್ಣಿನ ಮೇಲೆ ರೋಲರ್ ಓಡಿಸಿದರೆ ಹೆಂಟೆ ಪುಡಿಯಾಗುತ್ತದೆಯೇ ಹೊರತು ಕೂಡಿಕೊಳ್ಳುವುದಿಲ್ಲ. ತೀರಾ ಒದ್ದೆಯಿದ್ದರೆ ಮಣ್ಣು ರೋಲರಿಗೇ ಮೆತ್ತಿಕೊಳ್ಳುತ್ತದೆ. ನಡುವಿನ ಹದದಲ್ಲಿ ಮಾತ್ರ ಕಣಗಳು ಒಂದರ ಪಕ್ಕ ಒಂದು ಸರಿದು, ನಡುವಿನ ಗಾಳಿ ಹೊರಬಿದ್ದು, ನೆಲ ಬಿಗಿಯುತ್ತದೆ. ಬಿತ್ತನೆಗೆ ಮುಂಚೆ ನಿಮ್ಮ ಅಪ್ಪ ಹಿಡಿ ಮಣ್ಣು ಎತ್ತಿ ಮುಷ್ಟಿ ಕಟ್ಟಿ ನೋಡುತ್ತಾರಲ್ಲ, ಕ್ಯುರೇಟರ್ ನೋಡುವುದೂ ಅದನ್ನೇ. ಇದಕ್ಕೆ ಹುಲ್ಲಿನ ಸಹಾಯವೂ ಇದೆ. ಪಿಚ್ ಮೇಲಿನ ಗರಿಕೆಯ ಬೇರು ಆಳದ ನೀರನ್ನು ಹೀರಿ ಎಲೆಗಳ ಮೂಲಕ ಗಾಳಿಗೆ ಬಿಡುತ್ತದೆ, ಮಣ್ಣನ್ನು ಹಿಡಿದೂ ಇಡುತ್ತದೆ. ಎರೆಮಣ್ಣು ನೀರನ್ನು ಬೇಗ ಬಿಟ್ಟುಕೊಡುವುದಿಲ್ಲ, ಆದ್ದರಿಂದ ಒಳಗೆ ಮೆತ್ತಗೇ ಉಳಿದು ಚೆಂಡನ್ನು ತಡೆಯುವ ಸಂಭವ ಜಾಸ್ತಿ. ಆಟ ಮುಂದುವರಿದಂತೆ ಮೇಲಿನ ಪದರ ಪುಡಿಯಾದರೆ ಸ್ಪಿನ್ನರಿಗೆ ಹಬ್ಬ, ಆ ಪುಡಿಯಲ್ಲಿ ಚೆಂಡಿಗೆ ಹಿಡಿತ ಸಿಗುತ್ತದೆ.

ಎಲ್ಲ ಸ್ಪಿನ್ನರಿಗೂ ಪುಡಿಯೇ ಬೇಕೆಂದಿಲ್ಲ. ನಮ್ಮ ಅನಿಲ್ ಕುಂಬ್ಳೆ ಚೆಂಡನ್ನು ಹೆಚ್ಚು ತಿರುಗಿಸುತ್ತಿರಲಿಲ್ಲ, ಎತ್ತರದಿಂದ ಬಿರುಸಾಗಿ ಬಿಟ್ಟು ಪುಟಿಸುತ್ತಿದ್ದರು. ಮೇಲೆ ಹೇಳಿದ 2009ರ ಫೈನಲ್ಲಿನಲ್ಲಿ 16 ರನ್ ಕೊಟ್ಟು 4 ವಿಕೆಟ್ ಕಿತ್ತರು.

ಬೆಂಗಳೂರಿನ ಚಿನ್ನಸ್ವಾಮಿ ಮೈದಾನದಲ್ಲಿ ಪಿಚ್ಚಿನ ಸುತ್ತಲಿನ ಹುಲ್ಲುನೆಲಕ್ಕೆ ಕ್ಯುರೇಟರ್ ಹಾಕುವ ನೀರಿನ ಲೆಕ್ಕದ ಉಲ್ಟಾ ಲೆಕ್ಕ. ಅಲ್ಲಿ ನೀರು ನಿಲ್ಲಲೇಬಾರದು, ಅದಕ್ಕಾಗಿ ಅಡಿಯಲ್ಲಿ ಮರಳು. 2017ರಲ್ಲಿ ಸಬ್‌ಏರ್ ಎಂಬ ಯಂತ್ರವ್ಯವಸ್ಥೆ ಬಂದ ಮೇಲೆ ನೆಲದಡಿಯ ಕೊಳವೆಗಳು ಮಳೆನೀರನ್ನು ಕೆಳಗಿನಿಂದ ಹೀರಿ ತೆಗೆಯುತ್ತವೆ. ನಮ್ಮ ಭಾಗದ ಹೆಸರು ಹೊತ್ತ ಗುಲ್ಬರ್ಗ ಮಿಸ್ಟಿಕ್ಸ್ ತಂಡ 2022ರಲ್ಲಿ ರಾಜ್ಯದ ಟಿ20 ಟೂರ್ನಿ ಮಹಾರಾಜ ಟ್ರೋಫಿ ಗೆದ್ದಾಗಲೂ ಪಂದ್ಯಗಳು ನಡೆದದ್ದು ಮೈಸೂರು, ಬೆಂಗಳೂರಿನಲ್ಲಿ. ಎರೆನಾಡಿನ ತಂಡ ಎರೆನಾಡಿನಲ್ಲೇ ಆಡುವುದನ್ನು ನೋಡುವ ಆಸೆ ನನಗಿದೆ.

ಅಲ್ಲಿಯವರೆಗೆ ನಿಮ್ಮ ಊರಿನ ಮಣ್ಣನ್ನು ನೀವೇ ಪರೀಕ್ಷೆ ಮಾಡಿ. ಇಂಗ್ಲೆಂಡಿನಲ್ಲಿ ಪಿಚ್ ಮಾಡುವವರು ಮಣ್ಣಿನ ಬಲ ತಿಳಿಯಲು ಒಂದು ಸುಲಭದ ಉಪಾಯ ಮಾಡುತ್ತಾರೆ. ಮಣ್ಣು ಕಲಸಿ ಒಂದಿಂಚಿನ ಉಂಡೆ ಕಟ್ಟಿ, ನೆರಳಲ್ಲಿ ಪೂರ್ತಿ ಒಣಗಲು ಬಿಟ್ಟು, ಆಮೇಲೆ ತೂಕದ ಯಂತ್ರದ ಮೇಲಿಟ್ಟು ಒಡೆಯುತ್ತಾರೆ. ನೀವು ನಾಲ್ಕು ಬಗೆ ಮಾಡಿ: ಬರೀ ಎರೆಮಣ್ಣು, ಜರಡಿ ಹಿಡಿದ ಬರೀ ಕೆಂಪು ಮಣ್ಣು, ಎರಡೂ ಅರ್ಧರ್ಧ, ಎರೆಮಣ್ಣಿಗೆ ಮರಳು ಬೆರೆಸಿದ್ದು. ಕಲಸುವಾಗ ಹರಳು, ಬೇರು ಆರಿಸಿ ತೆಗೆಯಿರಿ, ಎಲ್ಲ ಉಂಡೆಗಳೂ ಒಂದೇ ಗಾತ್ರ ಇರಲಿ. ಒಣಗುವ ಮೊದಲು ಮತ್ತು ಒಣಗಿದ ಮೇಲೆ ದಾರ ಸುತ್ತಿ ಸುತ್ತಳತೆ ಬರೆದುಕೊಂಡರೆ ಯಾವುದು ಎಷ್ಟು ಕುಗ್ಗಿತು ಎನ್ನುವುದೂ ಸಿಗುತ್ತದೆ. ಅಂಗನವಾಡಿಯಲ್ಲಿ ದೊಡ್ಡವರು ನಿಲ್ಲುವ ತೂಕದ ಯಂತ್ರ ಇದ್ದರೆ ಟೀಚರನ್ನು ಕೇಳಿ, ಉಂಡೆಯನ್ನು ಅದರ ಮೇಲಿಟ್ಟು, ಮೇಲೊಂದು ಹಲಗೆ ತುಂಡಿಟ್ಟು ಹಿಮ್ಮಡಿಯಿಂದ ಮೆಲ್ಲಗೆ ಒತ್ತಿ. ಉಂಡೆ ಒಡೆದ ಗಳಿಗೆಯಲ್ಲಿ ಮುಳ್ಳು ಎಲ್ಲಿತ್ತು ಎಂದು ಒಬ್ಬರು ಓದಲಿ.

ಹೆಚ್ಚು ಭಾರ ತಾಳಿದ ಮಣ್ಣೇ ನಿಮ್ಮ ಪಿಚ್ಚಿನದು. ಬಿರುಕುಗಳಿಗೆ ಅದೇ ಮಣ್ಣನ್ನು ಪುಡಿ ಮಾಡಿ ತುಂಬಿ, ನೀರು ಚಿಮುಕಿಸಿ, ಹದ ಬಂದಾಗ ನೀರು ತುಂಬಿದ ಡ್ರಮ್ ಉರುಳಿಸಿ ನೋಡಿ. ಅದಕ್ಕೂ ಮುಂಚೆ ಹೊಲದ ಯಜಮಾನರನ್ನು ಒಂದು ಮಾತು ಕೇಳಿ, ಮೂಲೆಯಲ್ಲಿ ಬಿತ್ತದೆ ಬಿಡುವ ಜಾಗವನ್ನೇ ಬೇಡಿಕೊಳ್ಳಿ. ಅಷ್ಟು ಬಿಗಿಯಾಗಿ ಒತ್ತಿದ ಮಣ್ಣಿನಲ್ಲಿ ಬೇರು ಇಳಿಯುವುದಿಲ್ಲ, ಜೂನಿನಲ್ಲಿ ಅದನ್ನು ಮತ್ತೆ ಸಡಿಲ ಮಾಡುವ ಕೆಲಸ ಅವರ ತಲೆಗೇ ಬರುತ್ತದೆ.