ಶಾಲೆಯ ಗೇಟಿನ ಐವತ್ತು ಸೆಕೆಂಡು

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಜನ ದುಡ್ಡು ಕೊಟ್ಟು ನೋಡಿದ ಮೊದಮೊದಲ ಸಿನಿಮಾಗಳಲ್ಲಿ ಹೆಚ್ಚಿನವಕ್ಕೆ ಕಥೆಯೇ ಇರಲಿಲ್ಲ. 1895ರಲ್ಲಿ ಫ್ರಾನ್ಸಿನ ಲಿಯೋನ್ ನಗರದಲ್ಲಿ ಲೂಮಿಯೇರ್ ಸಹೋದರರು ತಮ್ಮ ಕಾರ್ಖಾನೆಯ ಗೇಟಿನ ಎದುರು ಕ್ಯಾಮೆರಾ ಇಟ್ಟು, ಕೆಲಸ ಮುಗಿಸಿ ಹೊರಬರುವವರನ್ನು ಚಿತ್ರಿಸಿದರು. ಉದ್ದ ಲಂಗದ ಹೆಂಗಸರು, ಸೈಕಲ್ಲು, ಒಂದು ನಾಯಿ. ಅಷ್ಟೇ. ಕೈಯಿಂದ ತಿರುಗಿಸುವ ಆ ಪೆಟ್ಟಿಗೆಗೆ ಹಿಡಿಸುತ್ತಿದ್ದ ರೀಲು ಸುಮಾರು 17 ಮೀಟರ್. ಓಡಿದರೆ ಐವತ್ತು ಸೆಕೆಂಡಿನ ಆಸುಪಾಸು. 1896ರ ಜುಲೈ 7ರಂದು ಈ ಚಿತ್ರಗಳು ಮುಂಬಯಿಗೆ ಬಂದವು. ಮುಂದೆ ನಮ್ಮ ಶಿವಾಜಿನಗರದ ಎಲ್ಗಿನ್ ಟಾಕೀಸಿನಲ್ಲೂ ಮೂಕಚಿತ್ರಗಳು ಓಡಿದವು.

1906ರ ಏಪ್ರಿಲಿನಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೇಬಲ್ ಕಾರಿನ ಮುಂದೆ ಕ್ಯಾಮೆರಾ ಕಟ್ಟಿ ಮಾರ್ಕೆಟ್ ಸ್ಟ್ರೀಟನ್ನು ಚಿತ್ರಿಸಿದರು. ಕೆಲವೇ ದಿನಗಳಲ್ಲಿ, 18ರಂದು, ಭೂಕಂಪ ಮತ್ತು ಬೆಂಕಿಗೆ ಆ ಬೀದಿ ಹಾಳಾಯಿತು. ಆ ಚಿತ್ರ ತೆಗೆದದ್ದು ಯಾವಾಗ ಎಂದು ಎಷ್ಟೋ ವರ್ಷಗಳ ಮೇಲೆ ಪತ್ತೆಹಚ್ಚಿದ್ದು ರಸ್ತೆಯ ಮಳೆನೀರು, ಕಾರಿನ ನಂಬರ್ ಪ್ಲೇಟು ನೋಡಿ.

ನಾನು ಸಾಫ್ಟ್‌ವೇರ್ ಕೆಲಸದವನು. ಇಂಥ ಚಿತ್ರಗಳಿಗೆ ಈಗ ಕಂಪ್ಯೂಟರು ಬಣ್ಣ ಹಾಕುತ್ತದೆ, ನಡುನಡುವೆ ಹೊಸ ಚಿತ್ರ ಸೇರಿಸಿ ಓಟವನ್ನು ನಯ ಮಾಡುತ್ತದೆ. ಆದರೆ ಸೇರಿಸಿದ್ದೆಲ್ಲ ಊಹೆ. ಆ ಹೆಂಗಸಿನ ಲಂಗ ಕೆಂಪೋ ಹಸಿರೋ ಅದಕ್ಕೆ ಗೊತ್ತಿಲ್ಲ. ಯಾರೂ ಚಿತ್ರಿಸದೇ ಬಿಟ್ಟ ಬೀದಿಯನ್ನಂತೂ ಯಾವ ಯಂತ್ರವೂ ತಂದುಕೊಡಲಾರದು.

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಇಂದಿರಾನಗರ, ಹಲಸೂರು ದಾಟಿ ಎಂ.ಜಿ. ರಸ್ತೆಗೆ ಮೆಟ್ರೊ ಓಡಿತು. ಕಂಬ ಏಳುವ ಮೊದಲಿನ ಸಿ.ಎಂ.ಎಚ್. ರಸ್ತೆಯ ಒಂದು ನಿಮಿಷದ ಚಿತ್ರ ನಮ್ಮಲ್ಲಿ ಎಷ್ಟು ಜನರ ಹತ್ತಿರ ಇದೆ? ಮದುವೆ ಆಲ್ಬಂ ಇದೆ, ನಾಮಕರಣದ ಫೋಟೊ ಇದೆ. ದಿನಾ ನಡೆದಾಡಿದ ಬೀದಿ ಇಲ್ಲ. 2023ರಲ್ಲಿ ಮೆಟ್ರೊ ಕೆ.ಆರ್. ಪುರಕ್ಕೂ ಬಂತು. ನಮ್ಮೂರಿನ ರಸ್ತೆಯೂ ಹೀಗೇ ಉಳಿಯುವುದಿಲ್ಲ.

ಆದ್ದರಿಂದ ಒಂದು ಕೋರಿಕೆ. ವರ್ಷಕ್ಕೊಮ್ಮೆ, ಹಬ್ಬದ ದಿನ ಬೇಡ, ಯಾವುದಾದರೂ ಸಾಧಾರಣ ಸೋಮವಾರ, ಸಂಜೆ ಕೊನೆಯ ಗಂಟೆ ಹೊಡೆದಾಗ ಶಾಲೆಯ ಗೇಟಿನ ಎದುರು ಮೊಬೈಲನ್ನು ಅಲುಗಾಡದಂತೆ ನಿಲ್ಲಿಸಿ ಐವತ್ತು ಸೆಕೆಂಡು ಚಿತ್ರಿಸೋಣ. ಯಾರಿಗೂ ಕೈ ಬೀಸಲು ಹೇಳುವುದು ಬೇಡ. ಹೆತ್ತವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯೋಣ. ಅಂತರ್ಜಾಲಕ್ಕೆ ಹಾಕುವುದು ಬೇಡ. ದಿನಾಂಕವನ್ನು ಶಾಲೆಯ ರಿಜಿಸ್ಟರಿನಲ್ಲಿ ಬರೆದು, ಎರಡು ಕಡೆ ಪ್ರತಿ ಇಡೋಣ. ಹಳೆಯ ವಿದ್ಯಾರ್ಥಿಗಳ ಸಂಘ ಒಪ್ಪಿದರೆ ಮೊದಲ ವರ್ಷದ ಕೆಲಸ ನಾನು ಮಾಡುತ್ತೇನೆ.

ಶಾಲೆಗೆ ನೂರು ತುಂಬುವ ಹೊತ್ತಿಗೆ ಇಂಥ ಐವತ್ತು ಚಿತ್ರಗಳಿರುತ್ತವೆ. ಅವುಗಳಲ್ಲಿ ಗೇಟಿನ ಮುಂದಿನ ಸೀಬೆಹಣ್ಣಿನ ಗಾಡಿಯೂ ಇರುತ್ತದೆ, ಬೈಕ್ ತಳ್ಳಿಕೊಂಡು ಹೊರಡುವ ನಮ್ಮ ಮೇಷ್ಟ್ರೂ ಇರುತ್ತಾರೆ.