ಯೋಜನೆ ಮುಗಿಯುವುದು ಯಾವಾಗ? ಕೃಷ್ಣೆಯ ಕಾಲುವೆ ಕಲಿಸಿದ ಪಾಠ



ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದ ಬೆಟ್ಟದಲ್ಲಿ. ಆ ನೀರಿಗಾಗಿ ಕಾದಿರುವುದು ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರಗಳ ಎರೆಭೂಮಿ. ಘಟ್ಟದ ಮಳೆ ಬಯಲನ್ನು ಸೇರಿದ ಮೇಲೆ ಏನಾಯಿತೆಂಬುದನ್ನು ಬೆಟ್ಟದ ಜನರೂ ಅರಿಯಬೇಕು. ಏಕೆಂದರೆ ಮಲೆನಾಡಿನ ಹಳ್ಳಿಗಳಿಗೂ ಯೋಜನೆಗಳು ಬರುತ್ತವೆ, ನಾಲ್ಕಾರು ವರ್ಷ ಇದ್ದು ಹೋಗುತ್ತವೆ. ಅವು ಹೋದ ಮೇಲೆ ಉಳಿಯುವುದೇನು ಎಂಬುದೇ ಇಂದಿನ ವಿಚಾರ.

ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ 22ರಂದು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಸಿದ್ಧವಾಯಿತು. ಅದರ ಎಡದಂಡೆ ಕಾಲುವೆಯು ಅಂದು ಗುಲಬರ್ಗಾ ಜಿಲ್ಲೆಗೆ ಸೇರಿದ್ದ ಸುರಪುರ, ಶಹಾಪುರ, ಜೇವರ್ಗಿ ತಾಲ್ಲೂಕುಗಳತ್ತ ಹರಿಯಿತು. ಯೋಜನೆಗೆ ವಿಶ್ವಬ್ಯಾಂಕು ಸಾಲ ನೀಡಿತ್ತು. ಮುಳುಗಡೆಯಾದವರ ಪುನರ್ವಸತಿಯಲ್ಲಿ ಲೋಪ ಕಂಡಾಗ ಹಣ ಬಿಡುಗಡೆಯನ್ನು ತಡೆಹಿಡಿದದ್ದೂ ಉಂಟು. 1997ರಲ್ಲಿ ಆ ಸಾಲದ ಅವಧಿ ಮುಗಿಯಿತು. ಬ್ಯಾಂಕಿನ ಕಡತ ಮುಚ್ಚಿತಾದರೂ ಕಾಲುವೆಯ ಕೊನೆಯಂಚಿನ ರೈತರ ಕಾಯುವಿಕೆ ಮುಗಿಯಲಿಲ್ಲ.

ಕಾರಣವೇನು? ಲೆಕ್ಕ ಸರಳವಾಗಿದೆ. ಯೋಜನೆಯ ಮೊದಲೆರಡು ಹಂತಗಳಿಗೆ ಮೀಸಲಾದ ನೀರು 173 ಟಿಎಂಸಿ. ನೀರುಣಿಸಬೇಕಾದ ಭೂಮಿ 6.22 ಲಕ್ಷ ಹೆಕ್ಟೇರ್. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಅಷ್ಟೂ ನೀರನ್ನು ಅಷ್ಟೂ ಹೊಲಗಳ ಮೇಲೆ ಸಮನಾಗಿ ಹರಡಿದರೆ ನಿಲ್ಲುವುದು ಸುಮಾರು ಎರಡೂವರೆ ಅಡಿ ಮಾತ್ರ. ಅದರಲ್ಲಿಯೂ ಆವಿಯಾಗುವುದು, ಕಾಲುವೆಯಲ್ಲಿ ಇಂಗುವುದು ಕಳೆಯಬೇಕು. ಜೋಳದ ಬೆಳೆಗೆ ಮಳೆಯೂ ಸೇರಿ ಸುಮಾರು ಒಂದೂವರೆ ಅಡಿ ನೀರು ಸಾಕು. ಭತ್ತಕ್ಕೆ ನಾಲ್ಕು ಅಡಿಯಾದರೂ ಬೇಕು. ಆದ್ದರಿಂದಲೇ ಈ ಅಚ್ಚುಕಟ್ಟನ್ನು ಜೋಳ, ಶೇಂಗಾ, ಹತ್ತಿ, ಬೇಳೆಕಾಳುಗಳಂಥ ಮಿತನೀರಿನ ಬೆಳೆಗಳಿಗೆಂದು ರೂಪಿಸಲಾಗಿತ್ತು. ಆದರೆ ಕಾಲುವೆಯ ತಲೆಭಾಗದಲ್ಲಿ ನೀರು ಧಾರಾಳವಾಗಿ ದೊರೆತುದರಿಂದ ಭತ್ತ ಬಂದಿತು. ತಲೆಭಾಗದ ರೈತನನ್ನು ದೂಷಿಸಿ ಫಲವಿಲ್ಲ. ಭತ್ತಕ್ಕೆ ಖಚಿತ ಮಾರುಕಟ್ಟೆಯಿತ್ತು, ನೀರನ್ನು ಅಳೆದು ಕೊಡುವವರು ಇರಲಿಲ್ಲ.

ಎರೆಮಣ್ಣು ಜಿಗುಟಾದುದು, ನೀರು ಅದರಲ್ಲಿ ಬೇಗ ಬಸಿಯದು. ಬಸಿಗಾಲುವೆಗಳಿಲ್ಲದೆಡೆ ನೀರು ನಿಂತು, ಅಂತರ್ಜಲ ಮೇಲೇರಿ, ಆಳದ ಲವಣ ಬೇರಿನ ಮಟ್ಟಕ್ಕೆ ಬರುತ್ತದೆ. ಬಿಸಿಲಿಗೆ ನೀರು ಆರಿ ಲವಣ ಉಳಿಯುತ್ತದೆ. ಇದೇ ಸವಳು-ಜವಳು. ಹೀಗೆ ಒಂದೇ ಕಾಲುವೆಯ ಮೇಲ್ಭಾಗದಲ್ಲಿ ನೀರು ಹೆಚ್ಚಾಗಿ ಭೂಮಿ ಕೆಡುತ್ತದೆ, ಕೆಳಭಾಗದಲ್ಲಿ ನೀರಿಲ್ಲದೆ ಪೈರು ಒಣಗುತ್ತದೆ.

ನೀರು ಬಳಕೆದಾರರ ಸಹಕಾರ ಸಂಘಗಳಿಗೆ ಅಧಿಕಾರ ನೀಡಲು ಕರ್ನಾಟಕ ನೀರಾವರಿ ಕಾಯ್ದೆ 2000ದಲ್ಲಿ ತಿದ್ದುಪಡಿಯಾಯಿತು. ಆ ವೇಳೆಗೆ ಅಣೆಕಟ್ಟು ಸಿದ್ಧವಾಗಿ ಹದಿನೆಂಟು ವರ್ಷ ಕಳೆದಿತ್ತು, ಬಳಕೆಯ ರೂಢಿ ಬೇರೂರಿತ್ತು. ಮೊದಲು ಕಾಲುವೆ, ಆಮೇಲೆ ಜನ ಎಂಬ ಈ ಕ್ರಮವೇ ದೊಡ್ಡ ತಪ್ಪು.

ಎಡದಂಡೆ ಕಾಲುವೆಯ ವಿಸ್ತರಣೆ ಮತ್ತು ಆಧುನೀಕರಣ ಕಾಮಗಾರಿಯನ್ನು ಸುಮಾರು 4,700 ಕೋಟಿ ರೂಪಾಯಿ ವೆಚ್ಚದಲ್ಲಿ ಕೈಗೊಂಡು, 2023ರ ಜನವರಿ 19ರಂದು ಕೊಡೇಕಲ್‌ನಲ್ಲಿ ಪ್ರಧಾನಿಯವರು ಲೋಕಾರ್ಪಣೆ ಮಾಡಿದರು. ಈಗ ತೂಬುಗಳನ್ನು ದೂರದಿಂದಲೇ ನಿಯಂತ್ರಿಸುವ ಯಂತ್ರವ್ಯವಸ್ಥೆ ಇದೆ. ಯಂತ್ರವು ನೀರನ್ನು ಅಳೆಯಬಲ್ಲದು. ಯಾರಿಗೆ ಎಷ್ಟು ಎಂಬ ನ್ಯಾಯವನ್ನು ಜನರೇ ಕುಳಿತು ತೀರ್ಮಾನಿಸಬೇಕು.

ಮಲೆನಾಡಿಗೆ ಇದು ದೂರದ ಕಥೆಯಲ್ಲ. 1990ರ ದಶಕದಲ್ಲಿ ಬ್ರಿಟಿಷ್ ನೆರವಿನ ಪಶ್ಚಿಮಘಟ್ಟ ಅರಣ್ಯ ಯೋಜನೆ ಉತ್ತರ ಕನ್ನಡಕ್ಕೆ ಬಂದಿತ್ತು. 1993ರ ಸರಕಾರಿ ಆದೇಶದ ಬಳಿಕ ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿದವು. ನೆರವು ನಿಂತ ಮೇಲೆ ಹಲವೆಡೆ ಸಮಿತಿಗಳು ಹೆಸರಿಗಷ್ಟೇ ಉಳಿದವು. ನೆಟ್ಟ ಸಸಿಗಳ ಲೆಕ್ಕ ಇಡಲಾಯಿತು. ಮುಂದೆ ಕಾಯುವವರಾರು, ಫಲ ಯಾರದು ಎಂಬುದನ್ನು ಎಷ್ಟೋ ಊರುಗಳಲ್ಲಿ ಗಟ್ಟಿಮಾಡಿಕೊಂಡಿರಲಿಲ್ಲ.

ಆದುದರಿಂದ ಊರಿಗೆ ಯೋಜನೆ ಬಂದಾಗ, ಮುಗಿಯುವ ದಿನದ ಪ್ರಶ್ನೆಗಳನ್ನು ಮೊದಲ ಸಭೆಯಲ್ಲೇ ಕೇಳಬೇಕು. ತೂಬಿನ ಕೀಲಿಕೈ ಯಾರ ಬಳಿ ಇರುತ್ತದೆ? ನಕ್ಷೆ ಮತ್ತು ಲೆಕ್ಕಪುಸ್ತಕ ಗ್ರಾಮಸಭೆಗೆ ದೊರೆಯುವವೇ? ದುರಸ್ತಿಯ ಹಣ ಎಲ್ಲಿಂದ? ನೀರು ಹೋಗುವ ದಾರಿಯಂತೆ ಬಸಿಯುವ ದಾರಿಯೂ ನಕ್ಷೆಯಲ್ಲಿದೆಯೇ? ಐದು ವರ್ಷ ಕಳೆದ ಬಳಿಕ ಬಂದು ನೋಡುವವರಾರು? ಉತ್ತರಗಳನ್ನು ಕನ್ನಡದಲ್ಲಿ ಬರೆಯಿಸಿ ಪಂಚಾಯಿತಿಯಲ್ಲಿ ಇರಿಸಬೇಕು. ವಿದ್ಯಾರ್ಥಿಗಳು ತಮ್ಮ ಊರಿನ ಒಂದು ಹಳೆಯ ಯೋಜನೆಯನ್ನು ಆರಿಸಿಕೊಂಡು, ಅದರಲ್ಲಿ ಇಂದು ಏನು ಉಳಿದಿದೆಯೆಂದು ನಡೆದು ನೋಡಿ ದಾಖಲಿಸಬೇಕು.

ಉದ್ಘಾಟನೆಯ ಕಲ್ಲಿನ ಮೇಲಿನ ತಾರೀಖು ಕಾಮಗಾರಿ ಮುಗಿದ ದಿನವನ್ನು ಹೇಳುತ್ತದೆ. ಶಹಾಪುರದ ಕಟ್ಟಕಡೆಯ ಹೊಲಕ್ಕೆ ಸರದಿಯ ನೀರು ತಪ್ಪದೆ ತಲುಪಿ, ಮೊದಲ ಹೊಲ ಜವಳಾಗದೆ ಉಳಿದ ದಿನವೇ ಆ ಯೋಜನೆ ಮುಗಿಯಿತೆನ್ನಬೇಕು.